ಹಿತ್ತಲಿನ ಬೀಸೋ ಕಲ್ಲು, ಅಂಗಡಿಯ ಪ್ಯಾಕೆಟ್ಟು

ಈ ಸಲದ ಟಿಪ್ಪಣಿ ಹೊಲದ್ದಲ್ಲ, ಅಡುಗೆಮನೆಯದ್ದು. ಆದರೆ ಶುರುವಾಗಿದ್ದು ಹೊಲದಲ್ಲೇ.

ಹೋದ ತಿಂಗಳು ರಾಗಿ ಕಳೆ ತೆಗೆಯೋಕೆ ಒಂಬತ್ತು ಜನ ಹೆಣ್ಣಾಳು ಬಂದಿದ್ದರು. ನಮ್ಮ ಜಾವಗಲ್ ರಸ್ತೆ ಕಡೆ ಆಳಿಗೆ ಕೂಲಿ ಜೊತೆ ಒಂದು ಹೊತ್ತಿನ ಊಟ ಕೊಡೋ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ, ನಮ್ಮ ಮನೆಯಲ್ಲೂ ಇದೆ. ಹನ್ನೊಂದು ಗಂಟೆಗೆ ಬದುವಿನ ಮೇಲೆ ಬುತ್ತಿ ಬಿಚ್ಚಿದರೆ ಮುದ್ದೆ ಇಲ್ಲ. ಉಪ್ಪಿಟ್ಟು. ಅದೂ ಪ್ಯಾಕೆಟ್ ಉಪ್ಪಿಟ್ಟು, ಬಿಸಿನೀರು ಹುಯ್ದು ಮುಚ್ಚಿಟ್ಟರೆ ಆಗಿಹೋಗೋ ಥರದ್ದು. ಹೆಂಗಸರು ಖುಷಿಯಾಗೇ ತಿಂದರು. ನನಗೆ ಮಾತ್ರ ಗಂಟಲಲ್ಲಿ ಇಳೀಲಿಲ್ಲ. ಕಣ್ಣೆದುರಿಗೆ ಎರಡು ಎಕರೆ ರಾಗಿ ನಿಂತಿದೆ, ಅದರ ಬದುವಿನ ಮೇಲೆ ಕೂತು ಪ್ಲಾಸ್ಟಿಕ್ ಕೊಟ್ಟೆಯ ಉಪ್ಪಿಟ್ಟು ತಿನ್ನೋದು ಅಂದ್ರೆ!

ಸಂಜೆ ಮನೆಗೆ ಬಂದು ಕೂಗಾಡಿದೆ. ನನ್ನ ಹೆಂಡತಿ ಪಾತ್ರೆ ತೊಳೀತಾ ತಲೆ ಎತ್ತದೇ ಹೇಳಿದಳು: "ಐದು ಗಂಟೆಗೆ ಎದ್ದು ಎರಡು ಹಸು ಹಾಲು ಕರೆದು ಡೈರಿಗೆ ಹಾಕಿ, ಕೊಟ್ಟಿಗೆ ಬಳಿದು, ಆಮೇಲೆ ಹನ್ನೆರಡು ಜನಕ್ಕೆ ಹಿಟ್ಟು ತಿರುವಿ ಮುದ್ದೆ ಕಟ್ಟಬೇಕು. ನನಗಿರೋದು ಎರಡೇ ಕೈ ಕಣ್ರೀ. ಅಷ್ಟು ಆಸೆ ಇದ್ರೆ ನಾಳೆ ನೀವೇ ಮಾಡಿ."

ಜಗಲಿ ಮೇಲೆ ಕೂತಿದ್ದ ಅವ್ವ ನಕ್ಕರು. ಅವರಿಗೀಗ ಎಂಬತ್ತು ದಾಟಿದೆ. "ನಿಮ್ಮಜ್ಜ ತಿಪಟೂರಿಗೆ ಗಾಡಿ ಹೊಡೀವಾಗ ಸೊಂಟಕ್ಕೆ ಕಟ್ಟಿಕೊಂಡು ಹೋಗ್ತಿದ್ದುದೂ ಪ್ಯಾಕೆಟ್ಟೇ ಕಣಪ್ಪ. ಬಟ್ಟೆ ಪ್ಯಾಕೆಟ್ಟು. ಅದರೊಳಗೆ ಹುರಿಟ್ಟು. ಅದನ್ನ ಹುರಿದೋರು ಯಾರು ಅಂತ ನೀನು ಯಾವತ್ತಾದ್ರೂ ಕೇಳಿದ್ಯಾ?"

ಆ ಪ್ರಶ್ನೆ ತಲೇಲಿ ಉಳಕೊಂಡುಬಿಡ್ತು. ಮಾರನೇ ದಿನವೇ ಐದು ಕೆಜಿ ರಾಗಿ ಅಳೆದುಕೊಂಡು ಹುರಿಹಿಟ್ಟು ಮಾಡೋಕೆ ಕೂತೆ.

ಗೊತ್ತಿಲ್ಲದ ಹುಡುಗರಿಗಾಗಿ ಹೇಳ್ತೀನಿ. ರಾಗಿಯನ್ನ ಕೇರಿ, ಕಲ್ಲು ಆರಿಸಿ, ನೀರು ಚಿಮುಕಿಸಿ, ಒದ್ದೆಬಟ್ಟೆ ಮುಚ್ಚಿ ರಾತ್ರಿಯೆಲ್ಲ ಇಡಬೇಕು. ಕಾಳಿನ ಒಳಗೆಲ್ಲ ತೇವ ಸಮನಾಗಿ ಇಳೀಬೇಕು. ಬೆಳಿಗ್ಗೆ ನೆರಳಲ್ಲಿ ಸ್ವಲ್ಪ ಆರಿಸಬೇಕು. ಬಾಣಲೆಯಲ್ಲಿ ಮರಳು ಚೆನ್ನಾಗಿ ಕಾದಮೇಲೆ ಒಂದೊಂದೇ ಹಿಡಿ ಹಾಕಿದರೆ ಕಾಳಿನೊಳಗಿನ ತೇವ ಆವಿಯಾಗಿ ಕಾಳು ಒಡೆದು ಬೆಳ್ಳಗೆ ಅರಳುತ್ತೆ. ತಕ್ಷಣ ಜರಡಿ ಹಿಡಿದು ಮರಳು ಬೇರೆ ಮಾಡಬೇಕು, ಒಂದು ಗಳಿಗೆ ತಡವಾದರೆ ಕರಕಲು. ನೀರು ಕಮ್ಮಿಯಾದರೆ ಅರಳಲ್ಲ, ಜಾಸ್ತಿಯಾದರೆ ಬರೀ ಬೇಯುತ್ತೆ. ಮೊದಲ ಒಂದು ಸೇರು ನಾನು ಸುಟ್ಟೆ. ಎರಡನೇ ಸೇರಿನಲ್ಲಿ ಅರ್ಧ ಅರಳಲಿಲ್ಲ. "ನೀರು ಜಾಸ್ತಿಯಾಯ್ತು" ಅಂತ ಅವ್ವ ಕೂತಲ್ಲಿಂದಲೇ ಹೇಳಿದರು, ವಾಸನೆ ಮೇಲೇ! ಹತ್ತು ಗಂಟೆಗೆ ಒಲೆ ಹಚ್ಚಿದವನು ಏಳೋವಾಗ ಮಧ್ಯಾಹ್ನ ಎರಡೂವರೆ. ಕಣ್ಣು ಕೆಂಪು, ತೋಳು ಸೆಳೆತ. ಇನ್ನೂ ಅದನ್ನ ಬೀಸಬೇಕು. ಹಿತ್ತಲಲ್ಲಿ ಹುಣಸೆಮರದ ಕೆಳಗೆ ಅರ್ಧ ಹೂತುಹೋಗಿದ್ದ ಬೀಸೋ ಕಲ್ಲನ್ನ ತೊಳೆದು ಕೂತೆ. ಒಂದು ಸೇರು ಮುಗಿಸೋ ಹೊತ್ತಿಗೆ ಸಾಕಾಗಿ ಉಳಿದಿದ್ದನ್ನ ಮಿಲ್ಲಿಗೆ ತಗೊಂಡು ಹೋದೆ.

ಇಷ್ಟೆಲ್ಲ ಆದಮೇಲೆ ಈ ರೆಡಿ ಊಟದ ಚರಿತ್ರೆ ಹುಡುಕಿಕೊಂಡು ಹೋದೆ. ಕೆಲವು ಪುಸ್ತಕದಲ್ಲಿ ಸಿಕ್ಕಿದ್ದು, ಕೆಲವು ಅವ್ವನ ಬಾಯಿಂದ ಬಂದಿದ್ದು.

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆದುಹಾಕೋಣ. ರೆಡಿ ಆಹಾರ ಅನ್ನೋದು ಪೇಟೆಯಿಂದ ಬಂದಿದ್ದು, ನಮ್ಮ ಹಳೇ ಮನೆಗಳಲ್ಲಿ ಎಲ್ಲವನ್ನೂ ಅವತ್ತವತ್ತೇ ಮಾಡ್ತಿದ್ದರು ಅಂತ ನಾವು ನಂಬಿದ್ದೀವಿ. ಸುಳ್ಳು. ನಮ್ಮಜ್ಜಿಯ ಅಟ್ಟ ಒಂದು ಅಂಗಡಿ ಇದ್ದ ಹಾಗೆ ಇತ್ತು. ಹುರಿಹಿಟ್ಟು, ಸಾರಿನ ಪುಡಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ, ಕುಟ್ಟಿಟ್ಟ ಹುಣಸೆಹಣ್ಣು. ಮನೆಯಲ್ಲಿ ಬಾಣಂತಿ ಇದ್ದರೆ ಮಗುವಿಗೆ ರಾಗಿ ಸರಿ. ಇವೆಲ್ಲ ಏನು? ಸುಗ್ಗಿ ಮುಗಿದು ಬಿಸಿಲು ಇರೋ ಕಾಲದಲ್ಲಿ ಮುಂಚೆಯೇ ಮಾಡಿಟ್ಟ ಅರ್ಧ ಅಡುಗೆ. ಬಿತ್ತನೆ, ಕಳೆ, ಕುಯ್ಲಿನ ಕಾಲದಲ್ಲಿ ಹೆಂಗಸರಿಗೆ ಒಲೆ ಮುಂದೆ ಕೂರೋಕೆ ಹೊತ್ತಿರಲ್ಲ. ಹೊತ್ತಿದ್ದಾಗ ಕೆಲಸ ಮಾಡಿ, ಆ ಕೆಲಸವನ್ನ ಡಬ್ಬದಲ್ಲಿ ತುಂಬಿಟ್ಟುಕೊಂಡು, ಹೊತ್ತಿಲ್ಲದಾಗ ತೆಗೆಯೋದು. ಇವತ್ತು ಕಂಪನಿಯವರು ಮಾರೋದೂ ಇದನ್ನೇ, ಇನ್ನೊಬ್ಬರ ಹೊತ್ತು.

ನಮ್ಮ ಕೊಬ್ಬರಿಯನ್ನೇ ನೋಡಿ. ಬೇರೆ ಕಡೆ ಕಾಯಿ ಒಡೆದು ಹೋಳು ಮಾಡಿ ಒಣಗಿಸ್ತಾರೆ. ಅರಸೀಕೆರೆ, ತಿಪಟೂರು ಸೀಮೆಯವರು ನಾವು ಬಲಿತ ಕಾಯಿಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯ್ತೀವಿ. ಒಳಗಿನ ನೀರು ತಾನಾಗೇ ಇಂಗಿ, ಕೊಬ್ಬರಿ ಕರಟ ಬಿಟ್ಟು ಗುಡುಗುಡು ಅನ್ನುತ್ತೆ. ಉಪ್ಪಿಲ್ಲ, ಎಣ್ಣೆಯಿಲ್ಲ, ಬೆಂಕಿಯಿಲ್ಲ. ಉತ್ತರ ಭಾರತದ ಮದುವೆ ಮನೆಗೆ ಹೋಗೋ ಉಂಡೆ ಕೊಬ್ಬರಿ ಒಂದು ಸಂಸ್ಕರಿಸಿದ ಆಹಾರವೇ, ಕಾರ್ಖಾನೆ ನಮ್ಮ ಅಟ್ಟ ಅಷ್ಟೆ.

ರಾಗಿಯ ವಿಷಯದಲ್ಲಂತೂ ಕನಕದಾಸರೇ ಒಂದು ಕಾವ್ಯ ಬರೆದಿದ್ದಾರೆ, 'ರಾಮಧಾನ್ಯ ಚರಿತೆ'. ಭತ್ತಕ್ಕೂ ರಾಗಿಗೂ ಯಾರು ಮೇಲು ಅಂತ ಜಗಳ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸ್ತಾನೆ. ಹೊರಗೆ ಬಂದಾಗ ಭತ್ತ ಸೊರಗಿರುತ್ತೆ, ರಾಗಿ ಇದ್ದ ಹಾಗೇ ಇರುತ್ತೆ. ಮೇಲು ಕೀಳಿನ ಬಗ್ಗೆ ಬರೆದ ಕಾವ್ಯ ಅಂತ ಮೇಷ್ಟ್ರುಗಳು ಪಾಠ ಮಾಡ್ತಾರೆ, ಸರಿಯೇ. ನನಗೆ ಅದರಲ್ಲಿ ರೈತನ ಅನುಭವವೂ ಕಾಣುತ್ತೆ. ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಹುಳ ಬೀಳದ ಕಾಳು ಅದು. ಹಾಗಾಗಿ ಬರಗಾಲಕ್ಕೆ ಅದೇ ಗತಿ. ಆದರೆ ಕಾಳು ಕೆಡದೇ ಇದ್ದರೆ ಸಾಲದು, ಕಾಳು ಹಿಟ್ಟಾಗಬೇಕಲ್ಲ? ಅಕ್ಕಿಯನ್ನ ಹಾಗೇ ಬೇಯಿಸಬಹುದು. ರಾಗಿಯನ್ನ ಬೀಸಲೇಬೇಕು.

ಅಡುಗೆ ಬಗ್ಗೆ ಕನ್ನಡದಲ್ಲಿ ಹಳೇ ಬರಹಗಳು ಇವೆ. 1025ರ ಸುಮಾರಿಗೆ ಎರಡನೇ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಉದ್ದನ್ನ ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ ಇಡ್ಲಿ ಮಾಡೋ ಕ್ರಮ ಇದೆ, ಆಗಿನ್ನೂ ಅದಕ್ಕೆ ಅಕ್ಕಿ ಸೇರಿರಲಿಲ್ಲ. ಹದಿನಾರನೇ ಶತಮಾನದ ಶುರುವಿನಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಅಂತ ಅಡುಗೆಗೇ ಒಂದು ಪುಸ್ತಕ ಬರೆದ. ನಮ್ಮೂರ ಈಶ್ವರ ದೇವಸ್ಥಾನ ಕಟ್ಟಿದ್ದು 1220ರಲ್ಲಿ, ಅಂದರೆ ಈ ಎರಡು ಪುಸ್ತಕಗಳ ನಡುವಿನ ಕಾಲದಲ್ಲಿ. ಆ ನಕ್ಷತ್ರದ ಆಕಾರದ ಮಂಟಪ ಕೆತ್ತಿದ ಕೈಗಳಿಗೆ ದಿನಾ ಹಿಟ್ಟು ಬೀಸಿ ಹಾಕಿದ ಕೈಗಳೂ ಇರಲೇಬೇಕಲ್ಲ. ಬೇಲೂರು ಹಳೇಬೀಡಿನ ಗೋಡೆ ಮೇಲೆ ಕನ್ನಡಿ ಹಿಡಿದವಳು, ಗಿಣಿ ಹಿಡಿದವಳು ಎಲ್ಲ ಇದ್ದಾರೆ. ಹೋದ ಸಲ ಮೊಮ್ಮಗನ ಜೊತೆ ಹೋದಾಗ ಬೀಸೋ ಕಲ್ಲಿನ ಮುಂದೆ ಕೂತವಳನ್ನ ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ.

ಅವ್ವ ಮದುವೆಯಾಗಿ ಬಂದಾಗ ಮನೆಯಲ್ಲಿ ಹದಿನಾಲ್ಕು ಜನ. ದಿನಕ್ಕೆ ನಾಲ್ಕೈದು ಸೇರು ರಾಗಿ ಹಿಟ್ಟು ಬೇಕು. ಕೋಳಿ ಕೂಗೋಕೆ ಮುಂಚೆ ಇಬ್ಬರು ಎದುರುಬದುರು ಕೂತು, ಒಂದು ಗೂಟಕ್ಕೆ ಎರಡು ಕೈ ಹಾಕಿ ಬೀಸಬೇಕು. ಬೀಸೋ ಪದಗಳನ್ನ ಜಾನಪದ ಅಂತ ವಿದ್ವಾಂಸರು ಸಂಗ್ರಹ ಮಾಡಿ ಅಚ್ಚು ಹಾಕಿದ್ದಾರೆ. ಹಲಸಂಗಿ ಗೆಳೆಯರು 'ಗರತಿಯ ಹಾಡು' ತಂದಿದ್ದು 1931ರಲ್ಲಿ. ನಾನು ಅದರ ಬಗ್ಗೆ ಅವ್ವನಿಗೆ ದೊಡ್ಡದಾಗಿ ಹೇಳೋಕೆ ಹೋದೆ. "ಹಾಡ್ತಿದ್ವಿ ಕಣಪ್ಪ, ಹಾಡದಿದ್ರೆ ಕಲ್ಲಿನ ಮೇಲೇ ನಿದ್ದೆ ಬಂದ್ಬಿಡ್ತಿತ್ತು" ಅಂದರು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತ ಗಾದೆ ಇದೆಯಲ್ಲ, ಅದರಲ್ಲಿ ಹಿಟ್ಟು ಬೀಸಿದವಳ ಸುದ್ದಿಯೇ ಇಲ್ಲ.

ಆಮೇಲೆ ಮಿಲ್ಲು ಬಂತು. ಮೊದಲು ಡೀಸೆಲ್ ಇಂಜಿನ್ನಿಂದು, ಕರೆಂಟ್ ಬಂದಮೇಲೆ ಕರೆಂಟಿಂದು. ಅವ್ವ ತಲೆ ಮೇಲೆ ರಾಗಿ ಹೊತ್ತು ಜಾವಗಲ್ಲಿಗೆ ನಡೆದು ಹೋಗಿ ಬೀಸಿಸಿಕೊಂಡು ಬರ್ತಿದ್ದರಂತೆ. ಹೋಗಿ ಬರೋಕೆ ಅರ್ಧ ದಿನ, ಆದರೂ ಹೋಗ್ತಿದ್ದರು. ನಮ್ಮಜ್ಜ ಮಾತ್ರ ಮಿಲ್ಲಿನ ಹಿಟ್ಟು ಬಿಸಿಯಾಗಿ ಸುಟ್ಟಿರುತ್ತೆ, ಮುದ್ದೆಗೆ ರುಚಿ ಇಲ್ಲ ಅಂತ ಎರಡು ವರ್ಷ ಹಟ ಹಿಡಿದಿದ್ದರಂತೆ. ಅವರ ಮಾತಿನಲ್ಲಿ ಸುಳ್ಳೇನಿಲ್ಲ, ವೇಗವಾಗಿ ತಿರುಗೋ ಕಲ್ಲಿನಲ್ಲಿ ಹಿಟ್ಟು ಕಾಯುತ್ತೆ. ಆದರೆ ಅಜ್ಜ ಒಂದು ದಿನವೂ ಗೂಟ ಹಿಡಿದವರಲ್ಲ.

ಇದೇ ವಾದವನ್ನ ದೊಡ್ಡವರೂ ಮಾಡಿದ್ದಾರೆ. 1934ರಲ್ಲಿ ಗಾಂಧೀಜಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಶುರು ಮಾಡಿದಾಗ ಕೈಯಲ್ಲಿ ಬೀಸಿದ ಹಿಟ್ಟು, ಒನಕೆಯಲ್ಲಿ ಕುಟ್ಟಿದ ಅಕ್ಕಿ ಅದರ ಮುಖ್ಯ ಕಾರ್ಯಕ್ರಮಗಳಲ್ಲಿ ಸೇರಿದ್ದವು. ಮಿಲ್ಲು ಹಳ್ಳಿಯ ಕೆಲಸವನ್ನೂ ತಿನ್ನುತ್ತೆ, ಧಾನ್ಯದ ಸತ್ವವನ್ನೂ ತಿನ್ನುತ್ತೆ ಅನ್ನೋದು ಅವರ ಮಾತು. ಪಾಲಿಶ್ ಅಕ್ಕಿಯ ವಿಷಯದಲ್ಲಿ ಅದು ಪೂರ್ತಿ ನಿಜ. ರಾಗಿಗೆ ಅಷ್ಟು ಅನ್ವಯಿಸಲ್ಲ, ಯಾಕಂದ್ರೆ ರಾಗಿಯನ್ನ ಸಿಪ್ಪೆ ಸಮೇತ ಬೀಸ್ತೀವಿ, ಕ್ಯಾಲ್ಸಿಯಂ ಎಲ್ಲೂ ಹೋಗಲ್ಲ. ಆದರೆ ಒಂದು ಮಾತು. ಗಾಂಧೀಜಿ ಜೋಹಾನ್ಸ್‌ಬರ್ಗಿನಲ್ಲಿದ್ದಾಗ ಏಳು ಪೌಂಡ್ ಕೊಟ್ಟು ಕೈಮಿಲ್ಲು ಕೊಂಡು, ಅದು ಒಬ್ಬರಿಗೆ ಭಾರ ಅಂತ ಗೆಳೆಯ ಪೋಲಕ್ ಜೊತೆ ಕೂತು ತಾವೇ ಬೀಸ್ತಿದ್ದರು. ಕಸ್ತೂರಬಾ ಆಗೊಮ್ಮೆ ಈಗೊಮ್ಮೆ ಕೈ ಹಾಕ್ತಿದ್ದರು, ಬೀಸೋ ಹೊತ್ತಿಗೆ ಅವರಿಗೆ ಅಡುಗೆ ಕೆಲಸ ಇರ್ತಿತ್ತು ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಕೈಯಲ್ಲಿ ಬೀಸಿದ್ದೇ ಒಳ್ಳೇದು ಅಂತ ಭಾಷಣ ಮಾಡೋ ನಮ್ಮ ಗಂಡಸರು ಆ ಪುಟ ಓದಿದ ಹಾಗಿಲ್ಲ. ನಾನೂ ಓದಿದ್ದು ಈಗಲೇ.

ನಾನು ಮೊದಲು ತಿಂದ ಪ್ಯಾಕೆಟ್ ಊಟ ಯಾವುದು ಅಂತ ಯೋಚನೆ ಮಾಡಿದೆ. ನನ್ನ ವಯಸ್ಸಿನವರಿಗೆ ನೆನಪಿರುತ್ತೆ, ಪ್ರೈಮರಿ ಸ್ಕೂಲಿನ 'ಕೇರ್' ಉಪ್ಪಿಟ್ಟು. ಅಮೆರಿಕದಿಂದ ಬಂದ ಹಳದಿ ಹಿಟ್ಟಿನ ಚೀಲ, ಎಣ್ಣೆ ಡಬ್ಬ, ಅದರ ಮೇಲೆ ಕೈ ಕುಲುಕೋ ಚಿತ್ರ. ದೇಶದಲ್ಲಿ ಕಾಳಿಲ್ಲದೇ ಹಡಗಿಗೆ ಕಾಯ್ತಿದ್ದ ಕಾಲದ ಮುಂದುವರಿಕೆ ಅದು. ಎಲೆ ಹಿಡಿದು ಸಾಲಲ್ಲಿ ನಿಂತು ತಿಂದಿದ್ದೀವಿ, ಉಳಿದರೆ ಮನೆಗೂ ತಂದಿದ್ದೀವಿ. ಮನೆಯಲ್ಲಿ ರಾಗಿ ಇದ್ದ ಮಕ್ಕಳಿಗೂ ಅದರ ರುಚಿಯೇ ಹೆಚ್ಚು. ಅವತ್ತೇ ನಮ್ಮ ನಾಲಗೆಗೆ ಹೊರಗಿನದ್ದು ಮೇಲು ಅಂತ ಸ್ವಲ್ಪ ಅಭ್ಯಾಸ ಆಯ್ತೇನೋ ಅಂತ ನನ್ನ ಅನುಮಾನ. ಈಗ ಸ್ಕೂಲುಗಳಲ್ಲಿ ಬಿಸಿಯೂಟ ಅಲ್ಲೇ ಮಾಡಿ ಹಾಕ್ತಾರೆ. ಅಕ್ಷರ ದಾಸೋಹ 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಶುರುವಾಗಿ 2003ರಲ್ಲಿ ನಮ್ಮ ಕಡೆಗೂ ಬಂತು. ಅಲ್ಲಿ ಅಡುಗೆ ಮಾಡೋರೂ ಹೆಂಗಸರೇ, ಅವರ ಸಂಬಳದ ಕಥೆ ಇನ್ನೊಂದು ದಿನ ಬರೆಯೋ ಅಷ್ಟಿದೆ.

ಇನ್ನು ಕಂಪನಿ ಪ್ಯಾಕೆಟ್ಟಿನ ಹುಟ್ಟು. ಇದರಲ್ಲಿ ನನಗೆ ಆಶ್ಚರ್ಯ ಆಗಿದ್ದು ಸ್ವಿಟ್ಜರ್ಲೆಂಡಿನ ಕಥೆ. 1880ರ ದಶಕದಲ್ಲಿ ಅಲ್ಲಿನ ಹೆಂಗಸರು ಮಿಲ್ಲು ಕಾರ್ಖಾನೆಗಳಿಗೆ ದುಡಿಯೋಕೆ ಹೋಗ್ತಿದ್ದರು. ಮನೆಯಲ್ಲಿ ಅಡುಗೆಗೆ ಹೊತ್ತಿಲ್ಲ, ಕಾರ್ಮಿಕರ ಮಕ್ಕಳು ಸೊರಗ್ತಿದ್ದಾರೆ ಅಂತ ಫ್ರಿಡೊಲಿನ್ ಶುಲರ್ ಅನ್ನೋ ವೈದ್ಯ ಚಿಂತೆ ಮಾಡಿದ. ಆತ ಕಾರ್ಖಾನೆಗಳ ಇನ್‌ಸ್ಪೆಕ್ಟರ್ ಕೂಡ. ಅದಕ್ಕೆ ಹಿಟ್ಟಿನ ಮಿಲ್ಲು ಇಟ್ಟಿದ್ದ ಒಬ್ಬ ವ್ಯಾಪಾರಿ ಬಟಾಣಿ, ಅವರೆ ಜಾತಿಯ ಕಾಳುಗಳನ್ನ ಹುರಿದು ಪುಡಿ ಮಾಡಿ, ಬಿಸಿನೀರಿಗೆ ಹಾಕಿದರೆ ಸೂಪ್ ಆಗೋ ಹಾಗೆ ಮಾಡಿದ. ಅವನ ಹೆಸರು ಜೂಲಿಯಸ್ ಮ್ಯಾಗಿ. ಹೌದು, ಅದೇ ಮ್ಯಾಗಿ, 1983ರ ಹೊತ್ತಿಗೆ ನೂಡಲ್ಸ್ ಆಗಿ ನಮ್ಮ ದೇಶಕ್ಕೆ ಬಂದಿದ್ದು. ಶುರುವಾಗಿದ್ದು ಮಾತ್ರ ಕಾಳಿನ ಹುರಿಹಿಟ್ಟಾಗಿ, ಕೈ ಖಾಲಿ ಇಲ್ಲದ ಹೆಂಗಸರಿಗಾಗಿ!

ನಮ್ಮ ರಾಜ್ಯದ ಕಥೆಯೂ ಕಷ್ಟಕಾಲದಿಂದಲೇ ಹುಟ್ಟಿದ್ದು. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲ್ ಹಾಕಿದರು, ಅದೇ ಮುಂದೆ ಎಂಟಿಆರ್ ಆಯ್ತು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನವರ ಕೈಗೆ ಹೋಗಿ ಅಲ್ಲಿನ ಅಕ್ಕಿ ನಿಂತುಹೋಯ್ತು. ಅಕ್ಕಿ ಇಲ್ಲದೇ ಇಡ್ಲಿ ಹೇಗೆ ಅಂತ ರವೆಯಲ್ಲಿ ಮಾಡಿ ನೋಡಿದ್ದೇ ರವೆ ಇಡ್ಲಿ ಅಂತ ಆ ಹೋಟೆಲಿನವರು ಹೇಳ್ತಾರೆ. ಆಮೇಲೆ 1975-76ರ ತುರ್ತು ಪರಿಸ್ಥಿತಿ. ಹೋಟೆಲ್ ತಿಂಡಿಯನ್ನ ತೀರಾ ಕಮ್ಮಿ ಬೆಲೆಗೇ ಮಾರಬೇಕು ಅಂತ ಸರ್ಕಾರ ಕಟ್ಟುಪಾಡು ಹಾಕಿದಾಗ ಆ ಬೆಲೆಗೆ ಗುಣಮಟ್ಟ ಉಳಿಸೋಕಾಗದೇ ಅವರು ಪುಡಿ, ಮಿಕ್ಸುಗಳ ಕಡೆ ತಿರುಗಿದರು. ಮಿಕ್ಸ್ ಪ್ಯಾಕೆಟ್ಟು ನಮ್ಮ ಕಡೆಯ ಅಂಗಡಿಗಳಿಗೆ ಬರೋಕೆ ದಾರಿಯಾಗಿದ್ದು ಹೀಗೆ. ಆ ಆಹಾರ ಕಂಪನಿಯನ್ನ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕೊಂಡುಕೊಂಡಿತು, ಹೋಟೆಲ್ ಮಾತ್ರ ಮಯ್ಯರ ಮನೆಯವರಲ್ಲೇ ಉಳಿದಿದೆ.

ಇದರ ಹಿಂದಿನ ವಿಜ್ಞಾನವೂ ನಮ್ಮಿಂದ ದೂರದ್ದಲ್ಲ. ನಮ್ಮ ಜಂಕ್ಷನ್ನಿನಲ್ಲಿ ರೈಲು ಹತ್ತಿ ಹಾಸನ, ಹೊಳೆನರಸೀಪುರ ದಾಟಿದರೆ ಮೈಸೂರು. ಅಲ್ಲಿ 1950ರಲ್ಲಿ ಚೆಲುವಾಂಬ ಬಂಗಲೆಯಲ್ಲಿ ಸಿಎಫ್‌ಟಿಆರ್‌ಐ ಶುರುವಾಯ್ತು. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡೋ ವಿಧಾನ ಕಂಡುಹಿಡಿದು ಅಮುಲ್‌ಗೆ ಕೊಟ್ಟಿದ್ದು ಅದೇ ಸಂಸ್ಥೆ. ಮೊಳಕೆ ಕಟ್ಟಿದ ರಾಗಿಯ ಮೇಲೆ ಅಲ್ಲಿ ಬೇಕಾದಷ್ಟು ಕೆಲಸ ಆಗಿದೆ. ಮೊಳಕೆ ಬಂದಾಗ ಕಾಳಿನ ಪಿಷ್ಟ ಒಡೆದು ಗಂಜಿ ತೆಳ್ಳಗಾಗುತ್ತೆ, ಹಾಗಾಗಿ ಅಷ್ಟೇ ಗಂಜಿಯಲ್ಲಿ ಮಗುವಿಗೆ ಹೆಚ್ಚು ಹಿಟ್ಟು ಹೋಗುತ್ತೆ. ನಮ್ಮಜ್ಜಿಯರ ರಾಗಿ ಸರಿಯ ಗುಟ್ಟು ಇಷ್ಟೇ. 1961ರಲ್ಲಿ ಮೈಸೂರಿಗೇ ಸೈನ್ಯದ ಆಹಾರ ಸಂಶೋಧನಾಲಯ, ಡಿಎಫ್‌ಆರ್‌ಎಲ್ ಬಂತು. ಹಿಮದಲ್ಲಿ ನಿಂತ ಸೈನಿಕನಿಗೆ ಅನ್ನ ಸಾರು ತಲುಪಬೇಕು. ಅದಕ್ಕೆ ಅಲ್ಯೂಮಿನಿಯಂ ಹಾಳೆ ಇರೋ ಪದರು ಪದರಿನ ಚೀಲದಲ್ಲಿ ಮಾಡಿದ ಅಡುಗೆ ತುಂಬಿ, ಗಾಳಿ ಆಡದಂತೆ ಮುಚ್ಚಿ, ಒತ್ತಡದಲ್ಲಿ 120 ಡಿಗ್ರಿ ಆಸುಪಾಸು ಕಾಯಿಸೋದು. ಒಳಗಿನ ಕ್ರಿಮಿ ಎಲ್ಲ ಸಾಯುತ್ತೆ, ಹೊಸದು ಹೋಗೋಕೆ ದಾರಿಯಿಲ್ಲ. ಅದಕ್ಕೇ ತಿಂಗಳುಗಟ್ಟಲೆ ಕೆಡಲ್ಲ. ಪ್ಯಾಕೆಟ್ ಅಂದ್ರೆ ಬರೀ ಕೆಮಿಕಲ್ಲು ಅಂತ ನಾನೂ ಹೇಳ್ತಾ ತಿರುಗ್ತಿದ್ದೆ. ಇಂಥ ಚೀಲಕ್ಕೆ ಕೆಡದಂತೆ ಇಡೋ ರಾಸಾಯನಿಕ ಬೇಕಾಗೇ ಇಲ್ಲ. ಉಪ್ಪು ಎಣ್ಣೆ ಎಷ್ಟು ಸುರಿದಿದ್ದಾರೆ ಅನ್ನೋದು ಬೇರೆ ಮಾತು, ಅದನ್ನ ಹಿಂದಿನ ಸಣ್ಣ ಅಕ್ಷರದಲ್ಲಿ ಓದಿ ನೋಡಬೇಕು.

ಮಿಕ್ಸಿಯ ಕಥೆ ಒಂದನ್ನ ಹೇಳದೇ ಇರೋಕಾಗಲ್ಲ. 1960ರ ದಶಕದಲ್ಲಿ ಎಸ್.ಪಿ. ಮಾಥುರ್ ಅನ್ನೋ ಇಂಜಿನಿಯರ್ ಮನೆಯಲ್ಲಿ ವಿದೇಶಿ ಮಿಕ್ಸರ್ ಸುಟ್ಟುಹೋಯ್ತು. ಅದು ಹಣ್ಣು ಕಲಸೋಕೆ ಮಾಡಿದ್ದು, ನಮ್ಮ ಮಸಾಲೆ, ಕೊಬ್ಬರಿಗೆ ತಡೆಯಲ್ಲ. ನೀವೇ ಒಂದು ಮಾಡಿ ನೋಡೋಣ ಅಂತ ಹೆಂಡತಿ ಹೇಳಿದ್ದಕ್ಕೆ ಅವರು ಮಾಡಿದ್ದೇ ಸುಮೀತ್ ಮಿಕ್ಸಿ. ಹೆಂಡತಿ ಸವಾಲು ಹಾಕಿದರೆ ಕೆಲವರು ಮಿಕ್ಸಿ ಕಂಡುಹಿಡೀತಾರೆ, ಕೆಲವರು ನನ್ನ ಥರ ರಾಗಿ ಸುಡ್ತಾರೆ. ನಮ್ಮನೆಗೆ ಮಿಕ್ಸಿ ಬಂದ ದಿನ ಅಜ್ಜಿ ಒರಳಿಗೆ ಕುಂಕುಮ ಇಟ್ಟು ಕೈ ಮುಗಿದಿದ್ದು ನೆನಪಿದೆ. ಪೂಜೆಯೋ ಬೀಳ್ಕೊಡುಗೆಯೋ ಗೊತ್ತಾಗಲಿಲ್ಲ. ಈಗ ಬೆಂಗಳೂರಿನವರಿಗೆ ಮಿಕ್ಸಿಯೂ ಬೇಡ. 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು ಸಣ್ಣ ಜಾಗದಲ್ಲಿ ಐಡಿ ಇಡ್ಲಿ ದೋಸೆ ಹಿಟ್ಟು ಶುರು ಮಾಡಿದರು, ಇವತ್ತು ರುಬ್ಬಿದ ಹಿಟ್ಟಿನ ಪ್ಯಾಕೆಟ್ ಇಲ್ಲದ ಅಂಗಡಿ ಅಲ್ಲಿ ಅಪರೂಪ. ನನ್ನ ಮಗಳು ಅಲ್ಲಿ ಎರಡು ಪಾಳಿಯ ಕೆಲಸ ಮಾಡ್ತಾಳೆ, ಅದನ್ನೇ ತರ್ತಾಳೆ. ಅವಳಿಗೆ ಬೈಯೋ ಧೈರ್ಯ ನನಗೆ ಬರಲಿಲ್ಲ, ಹೆಂಡತಿಗೆ ಬೈಯೋ ಧೈರ್ಯ ಮಾತ್ರ ಬಂತು.

ಈ ಚರಿತ್ರೆಯನ್ನೆಲ್ಲ ಒಂದು ಕಡೆ ಇಟ್ಟು ನೋಡಿದಾಗ ನನಗೆ ಒಂದು ವ್ಯತ್ಯಾಸ ಕಂಡಿತು. ಮಿಲ್ಲಿಗೂ ಪ್ಯಾಕೆಟ್ಟಿಗೂ ಇರೋ ವ್ಯತ್ಯಾಸ. ಎರಡೂ ಹೆಂಗಸರ ತೋಳಿನ ಭಾರ ಇಳಿಸಿದವು. ಆದರೆ ಮಿಲ್ಲಿಗೆ ಹೋದ ರಾಗಿ ನಮ್ಮದೇ, ಬಂದ ಹಿಟ್ಟೂ ನಮ್ಮದೇ. ನಡುವೆ ಕೊಟ್ಟಿದ್ದು ಬೀಸೋ ಕೂಲಿ ಅಷ್ಟೆ. ಯಾವ ಹೊಲದ ರಾಗಿ, ಎಷ್ಟು ಕಲ್ಲು ಇತ್ತು, ಯಾವ ವರ್ಷದ್ದು, ಎಲ್ಲ ಗೊತ್ತು. ಪ್ಯಾಕೆಟ್ಟಿನಲ್ಲಿ ಹಾಗಲ್ಲ. ಅಲ್ಲಿ ರಾಗಿಯನ್ನ ಮಾರಿಬಿಡ್ತೀವಿ, ಆಮೇಲೆ ಯಾರದೋ ರಾಗಿಯನ್ನ ಕೊಂಡುಕೊಳ್ತೀವಿ. ಮಿಲ್ಲಿನಲ್ಲಿ ನಾವು ಮಾಲೀಕರು. ಪ್ಯಾಕೆಟ್ಟಿನಲ್ಲಿ ಒಂದು ತುದಿಯಲ್ಲಿ ಮಾರಾಟಗಾರರು, ಇನ್ನೊಂದು ತುದಿಯಲ್ಲಿ ಗಿರಾಕಿ, ಎರಡೂ ಕಡೆ ಬೆಲೆ ಇನ್ನೊಬ್ಬರು ಹೇಳಿದ್ದು.

ಲೆಕ್ಕ ಹಾಕಿದೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಅಂದರೆ ಕೆಜಿಗೆ 49 ಅಂತ ಇಟ್ಟುಕೊಳ್ಳಿ. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾದವರಿಗೆ ಆ 49ರ ಬೆಲೆಯೂ ಗೊತ್ತು. ಮಗಳ ಮನೆ ಹತ್ತಿರದ ಅಂಗಡಿಯಲ್ಲಿ ರಾಗಿ ಹುರಿಹಿಟ್ಟು ಅಂತ ಚಂದದ ಚೀಲದಲ್ಲಿ ಇಟ್ಟಿದ್ದರು, ಕೆಜಿಗೆ 180. ನಡುವಿನ 131 ರೂಪಾಯಿಯಲ್ಲಿ ಹುರಿಯೋ ಖರ್ಚು, ಚೀಲ, ಲಾರಿ, ಅಂಗಡಿ ಬಾಡಿಗೆ ಎಲ್ಲ ಇದೆ, ಬರೀ ಮೋಸ ಅನ್ನೋಕಾಗಲ್ಲ. ನಾನು ಒಂದು ಬೆಳಿಗ್ಗೆ ರಾಗಿ ಸುಟ್ಟವನು, ಹುರಿಯೋ ಕೂಲಿ ಬಗ್ಗೆ ಇನ್ನು ಹಗುರವಾಗಿ ಮಾತಾಡಲ್ಲ. ಆದರೆ ನಮ್ಮಜ್ಜಿ ಆ 131 ರೂಪಾಯಿಯ ಕೆಲಸವನ್ನ ಬಿಟ್ಟಿ ಮಾಡ್ತಿದ್ದರು ಅನ್ನೋದು ಆಗ ಹೊಳೆಯಿತು. ಮನೆ ಊಟ ಅಗ್ಗ ಅಂತ ಹೇಳ್ತೀವಲ್ಲ, ಅಗ್ಗ ಆಗಿದ್ದು ಹೀಗೆ. ಕೊಬ್ಬರಿಯ ವಿಷಯವೂ ಅಷ್ಟೇ. ತಿಪಟೂರು ಸುತ್ತಮುತ್ತ ತುರಿದು ಒಣಗಿಸಿದ ಕೊಬ್ಬರಿ ಪುಡಿಯ ಕಾರ್ಖಾನೆಗಳಿವೆ. ನಮ್ಮ ಕಾಯಿ ಅಲ್ಲಿಗೆ ಹೋಗುತ್ತೆ, ಪುಡಿ ಬಿಸ್ಕತ್ತು ಸೇರುತ್ತೆ, ಬಿಸ್ಕತ್ತು ನಮ್ಮೂರ ಗೂಡಂಗಡಿಗೆ ವಾಪಸ್ ಬರುತ್ತೆ.

ಹಾಗಾದ್ರೆ ಹುರಿಯೋದಕ್ಕೂ ಒಂದು ಮಿಲ್ಲು ಇದ್ದರೆ? ಈ ಯೋಚನೆ ಹೊಸದೇನಲ್ಲ, ನನಗೆ ಹೊಳೆದಿದ್ದು ತಡವಾಗಿ. ಕಡ್ಲೆಪುರಿ ಮಾಡೋ ಭಟ್ಟಿಗಳಲ್ಲಿ ದೊಡ್ಡ ಬಾಣಲೆ, ಮರಳು, ಜರಡಿ, ಕೈ ಪಳಗಿದ ಜನ ಎಲ್ಲ ಇದ್ದಾರೆ. ಪರಿಚಯದ ಒಂದು ಭಟ್ಟಿಗೆ ಹತ್ತು ಕೆಜಿ ರಾಗಿ ತಗೊಂಡು ಹೋದೆ. ಭಟ್ಟಿಯ ಯಜಮಾನ ಮೊದಲು ನಕ್ಕ, ಆಮೇಲೆ ಕೆಜಿಗೆ 20 ರೂಪಾಯಿ ಕೇಳಿದ. ನೀರು ಚಿಮುಕಿಸಿ ಒಂದು ರಾತ್ರಿ ಇಟ್ಟು ತಂದುಕೊಡಿ ಅಂದ. ಅದನ್ನ ಅವ್ವನ ಕೈಲೇ ಮಾಡಿಸಿದೆ. ಮುಕ್ಕಾಲು ಗಂಟೆಯಲ್ಲಿ ಹತ್ತೂ ಕೆಜಿ ಅರಳಿ ಬಂತು, ಒಂದು ಕಾಳೂ ಸುಟ್ಟಿಲ್ಲ. ಜರಡಿಯಾಡಿ ಹೊಟ್ಟು ಕಳೆದು ಎಂಟೂವರೆ ಕೆಜಿ. ನಮ್ಮೂರ ಮಿಲ್ಲಿನಲ್ಲಿ ಬೀಸೋಕೆ ಕೆಜಿಗೆ 10. ರಾಗಿಗೆ 489, ಹುರಿಯೋಕೆ 200, ಬೀಸೋಕೆ 85, ಒಟ್ಟು 774. ಕೆಜಿಗೆ 91 ಬಿತ್ತು. ಬಸ್ ಚಾರ್ಜ್ ಹಾಕಿಲ್ಲ, ಬೈಕಲ್ಲಿ ಹೋಗಿದ್ದೆ. ಮಿಲ್ಲಿನವನಿಗೆ ಒಂದು ಮಾತು ಹೇಳಿಡಬೇಕು, ಮೆಣಸಿನಕಾಯಿ ಬೀಸಿದ ಕಲ್ಲಿಗೆ ನೇರವಾಗಿ ಹುರಿದ ರಾಗಿ ಹಾಕಬಾರದು. ಮೊದಲು ಒಂದು ಸೇರು ಹಸಿ ರಾಗಿ ಹಾಕಿಸಿ ಕಲ್ಲು ತೊಳೆಸಿಕೊಳ್ಳಿ. ನಾನು ಮರೆತು, ಮೊದಲ ಅರ್ಧ ಕೆಜಿ ಖಾರ ಹುರಿಹಿಟ್ಟಾಯ್ತು, ಅದನ್ನ ಹಸುವೂ ಮೂಸಲಿಲ್ಲ.

ಹೆಂಡತಿ ಬೆಲ್ಲ, ಏಲಕ್ಕಿ, ತುರಿದ ಕೊಬ್ಬರಿ ಹಾಕಿ ಅರ್ಧ ಕಲಸಿದಳು, ಉಳಿದದ್ದನ್ನ ಡಬ್ಬಕ್ಕೆ ಹಾಕಿಟ್ಟಳು. ಕಲಸೋಕೆ ಹತ್ತು ನಿಮಿಷ. ಒಲೆ ಹಚ್ಚಿಲ್ಲ. ಅವಳು ಏನೂ ಹೇಳಲಿಲ್ಲ, ಆದರೆ ಮಾರನೇ ದಿನ ತಾನೇ ಎದುರುಮನೆಯವರಿಗೆ ಭಟ್ಟಿಯ ವಿಷಯ ಹೇಳ್ತಿದ್ದುದು ಕಿವಿಗೆ ಬಿತ್ತು. ಮುಂದಿನ ಸಲ ನಾಲ್ಕು ಮನೆಯ ರಾಗಿ ಸೇರಿಸಿ ಒಂದು ಕ್ವಿಂಟಾಲ್ ಆದರೆ ಭಟ್ಟಿಯವನು ಕೆಜಿಗೆ 15ಕ್ಕೆ ಹುರಿದುಕೊಡ್ತಾನಂತೆ. ರಾಗಿ ತುಂಬಿಕೊಂಡು ಹೋಗಿ ಬರೋ ಕೆಲಸ ಗಂಡಸರದ್ದು ಅಂತ ಆಗಲೇ ತೀರ್ಮಾನ ಆಗಿದೆ, ನನ್ನನ್ನ ಯಾರೂ ಕೇಳಲಿಲ್ಲ.

ಎರಡನೇ ಕಳೆಗೆ ಅದೇ ಒಂಬತ್ತು ಜನ ಬಂದರು. ಈ ಸಲ ಬುತ್ತಿಯಲ್ಲಿ ಹುರಿಹಿಟ್ಟಿನ ಉಂಡೆ, ಒಂದು ಬಿಂದಿಗೆ ನೀರುಮಜ್ಜಿಗೆ. ನಾನು ಬದುವಿನ ಮೇಲೆ ನಿಂತು, ಎಲ್ಲರ ಮುಖ ನೋಡ್ತಾ ಕಾಯ್ತಿದ್ದೆ. ವಯಸ್ಸಾದ ಇಬ್ಬರು ಕಣ್ಣು ಮುಚ್ಚಿಕೊಂಡು ತಿಂದು, "ನಮ್ಮವ್ವನ ಕೈರುಚಿ ಬಂದಂಗಾಯ್ತು" ಅಂದರು. ಎದೆ ಉಬ್ಬಿತು. ಅಷ್ಟರಲ್ಲಿ ಅವರ ಜೊತೆ ಬಂದಿದ್ದ ಸಣ್ಣ ವಯಸ್ಸಿನ ಹುಡುಗಿ ಉಂಡೆ ಅರ್ಧ ತಿಂದು ಕೇಳಿದಳು:

"ಚೆನ್ನಾಗೈತೆ ಅಣ್ಣ. ಹೋದ್ಸಲದ ಉಪ್ಪಿಟ್ಟು ಇಲ್ವಾ?"